ಹೈಬ್ರಿಡ್ ಕಾರಿನ ಕೂಲಂಟ್ ಪಂಪ್ ಬೇಗ ಕೆಟ್ಟರೆ ಏನು ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಜಾಸ್ತಿ ಮಾತು ಟೊಯೋಟಾ ಪ್ರಿಯಸ್ ಬಗ್ಗೆ. ಕೂಲಂಟ್ ಎಂಬ, ಬಿಸಿಯನ್ನು ಹೊತ್ತೊಯ್ದು ತಂಪು ಮಾಡುವ ದ್ರವವನ್ನು ತಳ್ಳುವ ಪಂಪ್‌ಗಾಗಿಯೇ ಲಕ್ಷಗಟ್ಟಲೆ ಗಾಡಿಗಳನ್ನು ವಾಪಸ್ ಕರೆಸಿದ ಕಾರು ಅದು. ಅಮೆರಿಕದಲ್ಲಿರುವ ನಮ್ಮವರಲ್ಲಿ ಸೆಕೆಂಡ್ ಹ್ಯಾಂಡ್ ಪ್ರಿಯಸ್ ಇಟ್ಟುಕೊಂಡವರೂ ಸಾಕಷ್ಟು ಮಂದಿ. ಕರ್ನಾಟಕದಲ್ಲಿ ಕ್ಯಾಮ್ರಿ ಹೈಬ್ರಿಡ್, ಇನ್ನೋವಾ ಹೈಕ್ರಾಸ್, ಹೈರೈಡರ್ ಓಡಿಸುವವರಿಗೂ ಮೂಲ ವಿಷಯ ಒಂದೇ. ವಾರಂಟಿ ಮತ್ತು ಕಾನೂನು ಮಾತ್ರ ಬೇರೆ, ಅದನ್ನು ಕೆಳಗೆ ಬೇರೆಯಾಗಿಯೇ ಬರೆದಿದ್ದೇನೆ.

ಪ್ರಶ್ನೆ: "ನಿಮ್ಮ ವಾಟರ್ ಪಂಪ್ ಹೋಗಿದೆ" ಅಂದರು. ಮುಂದೇನು?

ವಾಟರ್ ಪಂಪ್ ಅಂದರೂ ಕೂಲಂಟ್ ಪಂಪೇ. ಮೊದಲು "ಯಾವ ಪಂಪ್?" ಅಂತ ಕೇಳಿ. ಈ ಒಂದು ಪ್ರಶ್ನೆ ಕೇಳದೆ ದುಡ್ಡು ಕಳೆದುಕೊಂಡವರು ಬಹಳ.

ಎಂಜಿನ್, ಎಲೆಕ್ಟ್ರಿಕ್ ಮೋಟಾರ್ ಎರಡೂ ಇರುವ ಹೈಬ್ರಿಡ್ ಕಾರಿನಲ್ಲಿ ಕೂಲಂಟ್ ಓಡಾಡುವ ದಾರಿಗಳು ಎರಡು. ಒಂದು ಎಂಜಿನ್‌ಗೆ, ಇನ್ನೊಂದು ಇನ್ವರ್ಟರ್‌ಗೆ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬೇಕಾದ ರೂಪಕ್ಕೆ ತರುವ ಡಬ್ಬವೇ ಇನ್ವರ್ಟರ್. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಬ್ಯಾಟರಿ 201.6 ವೋಲ್ಟ್‌ನದು. ಅದನ್ನು 500 ವೋಲ್ಟ್ ತನಕ ಏರಿಸಿ ಮೋಟಾರಿಗೆ ಕೊಡುತ್ತಾರೆ. ಮೂರನೇ ತಲೆಮಾರಿನಲ್ಲಿ ಅದು 650 ವೋಲ್ಟ್‌ವರೆಗೂ ಹೋಗುತ್ತದೆ. ಆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳು ಸಿಕ್ಕಾಪಟ್ಟೆ ಬಿಸಿಯಾಗುತ್ತವೆ. ಎಂಜಿನ್‌ನ ಕೂಲಂಟ್ 85-95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರಾಮಾಗಿ ಓಡುತ್ತದೆ. ಆದರೆ ಇನ್ವರ್ಟರ್‌ಗೆ ಅದಕ್ಕಿಂತ ತುಂಬಾ ತಂಪಾದ ನೀರು ಬೇಕು. ಅದಕ್ಕೇ ಪ್ರತ್ಯೇಕ ದಾರಿ, ಪ್ರತ್ಯೇಕ ಟ್ಯಾಂಕ್, 12 ವೋಲ್ಟ್‌ನಲ್ಲಿ ಓಡುವ ಪ್ರತ್ಯೇಕ ಪುಟ್ಟ ಪಂಪ್. ಇದೇ ಕೂಲಂಟ್ ಮೋಟಾರ್-ಜನರೇಟರ್‌ಗಳ ಬಿಸಿಯನ್ನೂ ಹೊತ್ತು ತರುತ್ತದೆ.

ಎರಡನೇ ತಲೆಮಾರಿನಲ್ಲಿ (2004-2009) ಎಂಜಿನ್ ಪಂಪ್ ಹಳೆಯ ಕಾಲದ್ದು, ಬೆಲ್ಟ್‌ನಿಂದ ತಿರುಗುವಂಥದ್ದು. ಅದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಕೆಡುವುದು ಇನ್ವರ್ಟರ್ ಪಂಪ್. ಮೂರನೇ ತಲೆಮಾರಿನಲ್ಲಿ (2010-2015) ಎಂಜಿನ್‌ನಿಂದ ಬೆಲ್ಟನ್ನೇ ತೆಗೆದುಹಾಕಿದರು. ಎಂಜಿನ್ ಪಂಪ್ ಕೂಡ ಎಲೆಕ್ಟ್ರಿಕ್ ಆಯಿತು, ಅಲ್ಲಿಂದ ದೂರುಗಳು ಆ ಕಡೆ ತಿರುಗಿದವು. ಹಾಗಾಗಿ 2007ರ ಗಾಡಿಯವರು ಕೊಟ್ಟ ಸಲಹೆ 2012ರ ಗಾಡಿಗೆ ಹೊಂದುವುದಿಲ್ಲ. ಇಬ್ಬರೂ "ಪಂಪ್" ಅಂತಲೇ ಹೇಳುತ್ತಾರೆ, ಕಷ್ಟ ಬರುವುದು ಅಲ್ಲೇ.

ಪ್ರಶ್ನೆ: ಎಚ್ಚರಿಕೆ ದೀಪ ಬಂದಿದೆ, ಗಾಡಿ ಮಾತ್ರ ಚೆನ್ನಾಗೇ ಓಡುತ್ತಿದೆ. ಮನೆ ತನಕ ಓಡಿಸಬಹುದಾ?

ಎಂಜಿನ್ ಬಿಸಿಯ ಕೆಂಪು ದೀಪ ಆದರೆ ಬೇಡವೇ ಬೇಡ. ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಪವರ್ ಆಫ್ ಮಾಡಿ, ಟೋ ಕರೆಸಿ. ಮೂರನೇ ತಲೆಮಾರಿನ ಪ್ರಿಯಸ್‌ನ ಡ್ಯಾಶ್‌ಬೋರ್ಡ್‌ನಲ್ಲಿ ತಾಪಮಾನದ ಮುಳ್ಳು ಇಲ್ಲ. ದೀಪ ಹತ್ತುವ ಹೊತ್ತಿಗೆ ಎಂಜಿನ್ ಆಗಲೇ ಸಾಕಷ್ಟು ಕಾದಿರುತ್ತದೆ. ಎಂಜಿನ್‌ನ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಭಾಗ, ಅಲ್ಯೂಮಿನಿಯಮ್. ಪಂಪ್ ನಿಂತ ಮೇಲೆ ಕೆಲವೇ ನಿಮಿಷ ಜೋರಾಗಿ ಓಡಿಸಿದರೂ ಹೆಡ್ ಡೊಂಕಾಗಿ, ಅದರ ಕೆಳಗೆ ಸೋರದಂತೆ ಕೂರಿಸಿದ ಗ್ಯಾಸ್ಕೆಟ್ ಹೋಗಬಹುದು. "ಮುಂದಿನ ಎಕ್ಸಿಟ್ ತನಕ ಹೋಗೋಣ" ಅಂದುಕೊಂಡವರು ಪಂಪ್‌ನ ಬಿಲ್ ಜೊತೆಗೆ ಎಂಜಿನ್ನಿನ ಬಿಲ್ಲನ್ನೂ ಕಟ್ಟಿದ್ದಾರೆ.

ಇನ್ವರ್ಟರ್ ಪಂಪ್ ಆದರೆ ಕಥೆ ಸ್ವಲ್ಪ ಬೇರೆ. ಇನ್ವರ್ಟರ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ಶಕ್ತಿಯನ್ನು ಕಡಿಮೆ ಮಾಡುತ್ತದೆ. ಕೆಂಪು ತ್ರಿಕೋನ ಬರುತ್ತದೆ, ಆಕ್ಸಿಲರೇಟರ್ ಒತ್ತಿದರೂ ಗಾಡಿ ಎಳೆಯುವುದಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಆನ್ ಮಾಡಿದರೆ ಸರಿಯಾದ ಹಾಗೆ ಕಾಣುತ್ತದೆ, ಏಕೆಂದರೆ ಅಷ್ಟರಲ್ಲಿ ಡಬ್ಬ ತಣ್ಣಗಾಗಿರುತ್ತದೆ. ಇದರಿಂದಲೇ ಜನ ಮೋಸ ಹೋಗುವುದು. "ಏನೋ ಸೆನ್ಸರ್ ತಪ್ಪು ತೋರಿಸಿತು" ಅಂತ ಸುಮ್ನೆ ವಾರಗಟ್ಟಲೆ ಓಡಿಸುತ್ತಾರೆ. ಪ್ರತಿ ಸಲ ಕಾದಾಗಲೂ ಇನ್ವರ್ಟರ್‌ನ ಆಯಸ್ಸು ಸವೆಯುತ್ತಿರುತ್ತದೆ. ಹೈವೇಯಲ್ಲಿ ಇದ್ದರೆ ಹಜಾರ್ಡ್ ಹಾಕಿ ಬದಿಗೆ ಬನ್ನಿ, ಎಡ ಬಲ ಲೇನ್ ಬದಲಿಸುವಾಗ ಗಾಡಿ ಎಳೆಯುವುದಿಲ್ಲ ಎನ್ನುವುದು ನೆನಪಿರಲಿ.

ಫೋರ್ಡ್ ಎಸ್ಕೇಪ್ ಹೈಬ್ರಿಡ್‌ನ ಹಳೆಯ ಮಾಡೆಲ್‌ಗಳಲ್ಲಿ "ಸ್ಟಾಪ್ ಸೇಫ್ಲಿ ನೌ" ಅಂತ ಸಂದೇಶ ಬರುತ್ತದೆ. ಅದಕ್ಕೂ ಎಷ್ಟೋ ಸಲ ಇಂಥದ್ದೇ ಪಂಪ್ ಕಾರಣ.

ಪ್ರಶ್ನೆ: ಪಂಪ್ ತಿರುಗುತ್ತಿದೆಯೋ ಇಲ್ಲವೋ ನಾನೇ ನೋಡಬಹುದಾ?

ಇನ್ವರ್ಟರ್ ಪಂಪ್ ಆದರೆ ನೋಡಬಹುದು. ಟೂಲ್ ಬೇಡ, ಒಂದು ಟಾರ್ಚ್ ಸಾಕು.

ಗಾಡಿ ಪೂರ್ತಿ ತಣ್ಣಗಿರಬೇಕು, ರಾತ್ರಿಯಿಡೀ ನಿಂತಿದ್ದರೆ ಒಳ್ಳೆಯದು. ಬಾನೆಟ್ ತೆಗೆಯಿರಿ. ಇನ್ವರ್ಟರ್ ಎನ್ನುವುದು ದಪ್ಪ ಕಿತ್ತಳೆ ಬಣ್ಣದ ಕೇಬಲ್‌ಗಳು ಬಂದು ಸೇರುವ ಬೆಳ್ಳಿ ಬಣ್ಣದ ಡಬ್ಬ. ಅದರ ಪಕ್ಕದ ಚಿಕ್ಕ ಪ್ಲಾಸ್ಟಿಕ್ ಟ್ಯಾಂಕ್ ಇನ್ವರ್ಟರ್‌ನದು. ಎಂಜಿನ್‌ನ ಟ್ಯಾಂಕ್ ಬೇರೆ ಇದೆ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಮುಚ್ಚಳ ನಿಧಾನವಾಗಿ ತಿರುಗಿಸಿ ತೆಗೆಯಿರಿ. ಈಗ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಪವರ್ ಬಟನ್ ಒತ್ತಲು ಹೇಳಿ. ಡ್ಯಾಶ್‌ಬೋರ್ಡ್‌ನಲ್ಲಿ "ರೆಡಿ" ಅಂತ ಬಂದ ಮೇಲೆ ಟ್ಯಾಂಕ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಗುಲಾಬಿ ಕೂಲಂಟ್ ಸುಳಿ ಸುಳಿಯಾಗಿ ಕದಡುತ್ತಿರಬೇಕು. ಮೇಲ್ಮೈ ಅಲ್ಲಾಡದೆ ಕನ್ನಡಿಯ ಹಾಗೆ ನಿಂತಿದ್ದರೆ ಪಂಪ್ ಓಡುತ್ತಿಲ್ಲ, ಇಲ್ಲವೇ ಗಾಳಿ ಕಟ್ಟಿಕೊಂಡಿದೆ. ಒಂದು ಕ್ಷಣ ಕದಡಿ ನಿಂತು, ಮತ್ತೆ ಕದಡಿದರೆ ಪಂಪ್ ಸಾಯುವ ಹಾದಿಯಲ್ಲಿದೆ ಎಂದುಕೊಳ್ಳಿ.

ಎಚ್ಚರ: "ರೆಡಿ" ಇರುವಾಗ ಎಂಜಿನ್ ಯಾವ ಕ್ಷಣದಲ್ಲಾದರೂ ತಾನಾಗಿ ಶುರುವಾಗಬಹುದು. ಫ್ಯಾನ್ ಹತ್ತಿರ ಕೈ, ದುಪಟ್ಟಾ, ಜಡೆ ಯಾವುದೂ ಇರಬಾರದು. ಕಿತ್ತಳೆ ಕೇಬಲ್ ಮುಟ್ಟಬೇಡಿ. ಎಂಜಿನ್ ಕೂಲಂಟ್‌ನ ಮುಚ್ಚಳವನ್ನು ಬಿಸಿ ಇರುವಾಗ ತೆಗೆದರೆ ಕುದಿಯುವ ಕೂಲಂಟ್ ಮುಖಕ್ಕೆ ಹಾರುತ್ತದೆ.

ಮೂರನೇ ತಲೆಮಾರಿನ ಎಂಜಿನ್ ಪಂಪನ್ನು ಹೀಗೆ ಕಣ್ಣಲ್ಲಿ ನೋಡಿ ಹೇಳಲು ಆಗದು. ಅಲ್ಲಿ ಸುಳಿವು ಬೇರೆ. ಎಂಜಿನ್ ಕಾದಿದೆ, ಆದರೆ ಹೀಟರ್‌ನಿಂದ ತಣ್ಣನೆ ಗಾಳಿ ಬರುತ್ತಿದೆ ಅಂದರೆ ಬಿಸಿ ಕೂಲಂಟ್ ಅಲ್ಲಿಗೆ ತಲುಪುತ್ತಿಲ್ಲ ಅಂತ ಅರ್ಥ. ಓಬಿಡಿ ಪೋರ್ಟ್‌ಗೆ (ಗಾಡಿಯ ಕಂಪ್ಯೂಟರ್ ಓದುವ ಸಾಕೆಟ್‌ಗೆ) ಸಿಕ್ಕಿಸುವ ಸಣ್ಣ ಬ್ಲೂಟೂತ್ ಅಡಾಪ್ಟರ್ ಇಟ್ಟುಕೊಂಡರೆ ಫೋನ್‌ನಲ್ಲೇ ಕೂಲಂಟ್ ತಾಪಮಾನ ಕಾಣುತ್ತದೆ. ಮುಳ್ಳಿಲ್ಲದ ಗಾಡಿಗೆ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಸ್ಕ್ಯಾನರ್ ತೋರಿಸಿದ ಕೋಡ್‌ಗಳ ಅರ್ಥ ಏನು?

ಕೋಡ್ ಅಂದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಸಂಕೇತ. ಪಿ0ಎ93 ಬಂದರೆ ಇನ್ವರ್ಟರ್ ತಂಪಾಗುತ್ತಿಲ್ಲ ಎಂದು. ಪಿ261ಬಿ ಅಂದರೆ ಎಂಜಿನ್‌ನ ಎಲೆಕ್ಟ್ರಿಕ್ ಪಂಪ್ ಕೇಳಿದಷ್ಟು ವೇಗದಲ್ಲಿ ಓಡುತ್ತಿಲ್ಲ. ಪಿ148ಎಫ್ ಇದರ ಉಲ್ಟಾ: ಪಂಪ್ ಅತಿ ವೇಗವಾಗಿ ತಿರುಗುತ್ತಿದೆ. ಅತಿ ವೇಗ ಯಾಕೆ? ತಳ್ಳಲು ಕೂಲಂಟೇ ಇಲ್ಲದಿದ್ದರೆ ಪಂಪ್‌ಗೆ ಭಾರವೇ ಇರುವುದಿಲ್ಲ, ಬರಿದೇ ಗಿರಗಿರ ತಿರುಗುತ್ತದೆ. ಹಾಗಾಗಿ ಪಿ148ಎಫ್ ಕಂಡಾಗ ಹೊಸ ಪಂಪ್ ಆರ್ಡರ್ ಮಾಡುವ ಮೊದಲು ಕೂಲಂಟ್ ಮಟ್ಟ, ಸೋರಿಕೆ, ಒಳಗೆ ಸೇರಿದ ಗಾಳಿ ನೋಡಿಸಿ.

ಕೋಡ್ ಅಳಿಸುವ ಮೊದಲು ಫೋಟೋ ತೆಗೆದುಕೊಳ್ಳಿ. ಕೋಡ್ ಜೊತೆಗೆ "ಫ್ರೀಜ್ ಫ್ರೇಮ್" ಅಂತ ಇರುತ್ತದೆ: ಆ ಕ್ಷಣದ ವೇಗ, ತಾಪಮಾನ, ವೋಲ್ಟೇಜ್ ಎಲ್ಲ. ವಾರಂಟಿ ಜಗಳದಲ್ಲಿ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ. ಮೆಕ್ಯಾನಿಕ್ "ರೀಸೆಟ್ ಮಾಡಿ ನೋಡೋಣ ಸಾರ್" ಅಂದ ಕೂಡಲೇ ಅದು ಹೋಯಿತು. ಮತ್ತೆ, 12 ವೋಲ್ಟ್ ಬ್ಯಾಟರಿ ಸೊರಗಿದ್ದರೆ ಹೈಬ್ರಿಡ್ ಗಾಡಿ ಇಲ್ಲಸಲ್ಲದ ಕೋಡ್‌ಗಳನ್ನೆಲ್ಲ ಎಸೆಯುತ್ತದೆ. ಮೊದಲು ಅದನ್ನು ಅಳೆಸಿ, ಖರ್ಚಿಲ್ಲದ ಕೆಲಸ.

ಪ್ರಶ್ನೆ: ಗಾಡಿ "ರೆಡಿ"ಗೇ ಬರುತ್ತಿಲ್ಲ. ಇದಕ್ಕೂ ಪಂಪ್ ಕಾರಣ ಇರಬಹುದಾ?

ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಇರಬಹುದು. ಪಂಪ್‌ನ ಸುರುಳಿ ತಂತಿ ತುಕ್ಕು ಹಿಡಿದು ಶಾರ್ಟ್ ಆದರೆ ಫ್ಯೂಸ್ ಹಾರುತ್ತದೆ. ಆ ಫ್ಯೂಸ್‌ನ ಮೇಲೆ ಹೈಬ್ರಿಡ್ ವ್ಯವಸ್ಥೆಯೂ ನಿಂತಿದೆ, ಆದ್ದರಿಂದ ಇಡೀ ಗಾಡಿ ಸ್ತಬ್ಧ. ಬಾನೆಟ್ ಕೆಳಗಿನ ಫ್ಯೂಸ್ ಬಾಕ್ಸ್‌ನಲ್ಲಿ ಎಎಂ2 ಎಂಬ 15 ಆಂಪ್ ಫ್ಯೂಸ್ ನೋಡಿ. ಹೋಗಿದ್ದರೆ ಹೊಸದು ಹಾಕಿ ಖುಷಿಪಟ್ಟು ಹೊರಡಬೇಡಿ. ಫ್ಯೂಸ್ ಸುಮ್ಮಸುಮ್ಮನೆ ಹಾರುವುದಿಲ್ಲ.

ಪ್ರಶ್ನೆ: ಪಂಪ್ ಎಷ್ಟು ವರ್ಷ ಬರಬೇಕು? ನನ್ನದು ಇಷ್ಟು ಬೇಗ ಯಾಕೆ ಹೋಯಿತು?

ಆಯಿಲ್ ಫಿಲ್ಟರ್ ಹಾಗೆ ಇಷ್ಟು ಕಿಲೋಮೀಟರಿಗೆ ಬದಲಿಸಿ ಅಂತ ಸರ್ವೀಸ್ ಪಟ್ಟಿಯಲ್ಲಿ ಪಂಪ್ ಹೆಸರಿಲ್ಲ. ಅಂದರೆ ಕಂಪನಿಯ ಲೆಕ್ಕದಲ್ಲೇ ಇದು ಬಹುಕಾಲ ಬಾಳಬೇಕಾದ ಭಾಗ. ನಾಲ್ಕೈದು ವರ್ಷಕ್ಕೇ ಹೋದರೆ "ಸವೆತ ಸಾರ್, ಮಾಮೂಲಿ" ಎಂಬ ಮಾತನ್ನು ಒಪ್ಪಬೇಡಿ. ಕಾರಣ ಕೇಳಿ.

ನಾನು ಮೊದಲು ಅನುಮಾನಪಡುವುದು ಗಾಳಿಯನ್ನು. ಕೂಲಂಟ್ ಬದಲಿಸಿದಾಗ, ರೇಡಿಯೇಟರ್ ಬಿಚ್ಚಿದಾಗ, ಅಪಘಾತದ ರಿಪೇರಿ ಆದಾಗ ಒಳಗೆ ಗಾಳಿ ಉಳಿದುಬಿಡುತ್ತದೆ. ಮನೆಯ ಸಂಪಿನ ಮೋಟಾರ್ ಏರ್ ಹಿಡಿದುಕೊಂಡಾಗ ಏನಾಗುತ್ತದೆ ಗೊತ್ತಲ್ವಾ, ಸದ್ದು ಮಾಡುತ್ತದೆ, ನೀರು ಎತ್ತುವುದಿಲ್ಲ, ಹಾಗೇ ಬಿಟ್ಟರೆ ಸುಟ್ಟುಹೋಗುತ್ತದೆ. ಇಲ್ಲೂ ಅದೇ. ಪಂಪ್ ತನ್ನೊಳಗೆ ಹರಿಯುವ ಕೂಲಂಟ್‌ನಿಂದಲೇ ತಂಪಾಗಬೇಕು. ಇತ್ತೀಚೆಗೆ ಯಾರಾದರೂ ಕೂಲಂಟ್ ಕೆಲಸ ಮಾಡಿ, ಕೆಲವೇ ತಿಂಗಳಲ್ಲಿ ಪಂಪ್ ಹೋಗಿದ್ದರೆ ಬಿಲ್‌ಗಳ ತಾರೀಖು ಅಕ್ಕಪಕ್ಕ ಇಟ್ಟು ನೋಡಿ.

ಎರಡನೆಯದು ಪಂಪ್ ಇರುವ ಜಾಗ. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಇನ್ವರ್ಟರ್ ಪಂಪ್ ಎಡಗಡೆ ಹೆಡ್‌ಲೈಟ್‌ನ ಕೆಳಗೆ, ಬಂಪರ್‌ನ ಹಿಂದೆ ಕೂತಿದೆ. ಮುಂದಿನ ಮೂಲೆ ಯಾವುದಕ್ಕಾದರೂ ತಗುಲಿದರೆ, ನೀರು ತುಂಬಿದ ಗುಂಡಿಗೆ ಇಳಿದರೆ, ಚಳಿಗಾಲದ ಊರುಗಳಲ್ಲಿ ರಸ್ತೆಗೆ ಸುರಿದ ಉಪ್ಪು ಕನೆಕ್ಟರ್ ಒಳಗೆ ಹೋದರೆ ಮೊದಲು ಏಟು ತಿನ್ನುವುದು ಇದೇ. ಕನೆಕ್ಟರ್ ಬಿಚ್ಚಿದಾಗ ಪಿನ್‌ಗಳ ಮೇಲೆ ಹಸಿರು ಪಾಚಿ ಥರ ಕಂಡರೆ ಪಂಪ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ.

ತಪ್ಪು ಕೂಲಂಟ್ ಮೂರನೆಯದು, ಅದರ ಬಗ್ಗೆ ಕೆಳಗೆ ಇದೆ. ಕೊನೆಯದು ತಯಾರಿಕೆಯ ದೋಷ. ಅದೂ ನಿಜವೇ, ಮುಂದಿನ ಉತ್ತರ ನೋಡಿ.

ಪ್ರಶ್ನೆ: ಈ ಪಂಪ್‌ಗೆ ರೀಕಾಲ್ ಆಗಿತ್ತಂತೆ, ಹೌದಾ?

ಹೌದು. 2010ರ ಕೊನೆಗೆ ಟೊಯೋಟಾ 2004-2007ರ ಪ್ರಿಯಸ್‌ಗಳ ಇನ್ವರ್ಟರ್ ಪಂಪನ್ನು ಉಚಿತವಾಗಿ ಬದಲಿಸುವ ಸರ್ವೀಸ್ ಕಾರ್ಯಕ್ರಮ ಘೋಷಿಸಿತು. ಜಗತ್ತಿನಾದ್ಯಂತ ಸುಮಾರು 6.5 ಲಕ್ಷ ಗಾಡಿ, ಅದರಲ್ಲಿ ಅಮೆರಿಕದಲ್ಲೇ ಸುಮಾರು 3.78 ಲಕ್ಷ. ಕಾರಣ ಹೇಳಿದ್ದು ಗಾಳಿಗುಳ್ಳೆ: ಪಂಪ್‌ನಲ್ಲಿ ಗುಳ್ಳೆ ಸೇರಿ ಕೂಲಂಟ್ ಹರಿವು ನಿಲ್ಲಬಹುದು ಎಂದು. ಅದು ಕಾನೂನಿನ ಪ್ರಕಾರದ ಸುರಕ್ಷತಾ ರೀಕಾಲ್ ಆಗಿರಲಿಲ್ಲ. 2012ರ ನವೆಂಬರ್‌ನಲ್ಲಿ ಬಂದದ್ದು ನಿಜವಾದ ರೀಕಾಲ್. ಆಗ ಸ್ಟೀರಿಂಗ್ ಶಾಫ್ಟ್‌ಗಾಗಿ ಟೊಯೋಟಾ ಸುಮಾರು 27.7 ಲಕ್ಷ ಗಾಡಿಗಳನ್ನು ಕರೆಸಿತು. ಅದೇ ಹೊತ್ತಿಗೆ ಸುಮಾರು 6.3 ಲಕ್ಷ ಹೈಬ್ರಿಡ್‌ಗಳ ಎಲೆಕ್ಟ್ರಿಕ್ ವಾಟರ್ ಪಂಪ್ ಕೂಡ ಸೇರಿತು. ತಂತಿ ತುಕ್ಕು ಹಿಡಿದು ಶಾರ್ಟ್ ಆಗಿ ಓಡುವಾಗಲೇ ಹೈಬ್ರಿಡ್ ವ್ಯವಸ್ಥೆ ನಿಲ್ಲಬಹುದು ಎನ್ನುವುದು ಆಗಿನ ಕಾರಣ.

ನಿಮ್ಮ ಗಾಡಿಗೆ ಇದು ಆಗಿದೆಯೇ ಎಂದು ತಿಳಿಯಲು ಹಿಂದಿನ ಮಾಲೀಕರ ನೆನಪನ್ನು ನಂಬಬೇಡಿ. ಅಮೆರಿಕದಲ್ಲಿ ಹೆದ್ದಾರಿ ಸುರಕ್ಷತಾ ಸಂಸ್ಥೆಯ, ಅಂದರೆ ಎನ್‌ಎಚ್‌ಟಿಎಸ್‌ಎಯ, ವೆಬ್‌ಸೈಟ್‌ನಲ್ಲಿ ಗಾಡಿಯ ಗುರುತಾದ 17 ಅಕ್ಷರದ ವಿನ್ ನಂಬರ್ ಹಾಕಿದರೆ ಬಾಕಿ ಇರುವ ರೀಕಾಲ್ ಕಾಣುತ್ತದೆ. ಒಂದು ತೊಡಕಿದೆ. ಅಲ್ಲಿನ ಕಾನೂನು ಉಚಿತ ರಿಪೇರಿಯನ್ನು ಕಡ್ಡಾಯ ಮಾಡುವುದು ಗಾಡಿ ಮೊದಲು ಮಾರಾಟವಾದ 15 ವರ್ಷದವರೆಗೆ. 2004-2009ರ ಗಾಡಿಗಳು ಆ ಗಡಿ ದಾಟಿವೆ. ಆದರೂ ಡೀಲರ್‌ಗೆ ಫೋನ್ ಮಾಡಿ ಕೇಳಿ. ಕೇಳುವುದಕ್ಕೇನು, ದುಡ್ಡು ಕೊಡಬೇಕಾ?

ಪ್ರಶ್ನೆ: ನನ್ನದು 2011ರ ಪ್ರಿಯಸ್. 2014ರಲ್ಲಿ ಇನ್ವರ್ಟರ್ ರೀಕಾಲ್ ಆಗಿತ್ತು. ಪಂಪ್ ಅದರಲ್ಲಿ ಸೇರಿದೆಯಾ?

ಇಲ್ಲ. 2014ರ ಫೆಬ್ರವರಿಯಲ್ಲಿ ಸುಮಾರು 19 ಲಕ್ಷ ಪ್ರಿಯಸ್‌ಗಳನ್ನು ಕರೆಸಿದ್ದು ಸಾಫ್ಟ್‌ವೇರ್ ಬದಲಿಸಲು. ಇನ್ವರ್ಟರ್‌ನ ಟ್ರಾನ್ಸಿಸ್ಟರ್ ಅತಿಯಾಗಿ ಕಾಯುವುದನ್ನು ತಪ್ಪಿಸುವುದು ಉದ್ದೇಶ. ಪಂಪ್ ಮುಟ್ಟಿಲ್ಲ. ಎಂಜಿನ್ ಪಂಪ್ ಹೋದವರು ಈ ರೀಕಾಲ್ ಪತ್ರ ಹಿಡಿದುಕೊಂಡು ಹೋದರೆ ಕೆಲಸ ಆಗುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ವಾರಂಟಿ ಎಷ್ಟು?

ಟೊಯೋಟಾದಲ್ಲಿ ಮೂರು ಬಗೆ. ಇಡೀ ಗಾಡಿಗೆ 3 ವರ್ಷ ಅಥವಾ 36,000 ಮೈಲಿ. ಪವರ್‌ಟ್ರೇನ್‌ಗೆ (ಎಂಜಿನ್, ಗೇರ್‌ಬಾಕ್ಸ್‌ನಂಥ ಗಾಡಿ ಓಡಿಸುವ ಭಾಗಗಳಿಗೆ) 5 ವರ್ಷ ಅಥವಾ 60,000 ಮೈಲಿ, ಎಂಜಿನ್‌ನ ವಾಟರ್ ಪಂಪ್ ಈ ಪಟ್ಟಿಯಲ್ಲಿದೆ. ಹೈಬ್ರಿಡ್ ಭಾಗಗಳಿಗೆ 8 ವರ್ಷ ಅಥವಾ 1 ಲಕ್ಷ ಮೈಲಿ, ಇದರಲ್ಲಿ ಇನ್ವರ್ಟರ್ ಇದೆ. 2020ರ ಮಾಡೆಲ್‌ನಿಂದ ಹೈಬ್ರಿಡ್ ಬ್ಯಾಟರಿಗೆ ಮಾತ್ರ 10 ವರ್ಷ ಅಥವಾ 1.5 ಲಕ್ಷ ಮೈಲಿ. ಅಂದರೆ ಎಂಜಿನ್ ಪಂಪ್ 55,000 ಮೈಲಿಗೆ ಹೋದರೆ "ಬೇಸಿಕ್ ವಾರಂಟಿ ಮುಗಿದಿದೆ" ಎಂಬ ಉತ್ತರಕ್ಕೆ ವಾಪಸ್ ಬರಬೇಡಿ. "ಪವರ್‌ಟ್ರೇನ್ ಪಟ್ಟಿ ನೋಡಿ" ಅನ್ನಿ. ಆದರೆ ಇನ್ವರ್ಟರ್‌ಗೆ ವಾರಂಟಿ ಇದೆ ಅಂದ ಮಾತ್ರಕ್ಕೆ ಅದರ ಪಂಪ್‌ಗೂ ಇದೆ ಎಂದುಕೊಳ್ಳಬೇಡಿ, ಪುಸ್ತಕದಲ್ಲಿ ಹೆಸರು ಹುಡುಕಿ.

ಹೊರಗೆ ಸರ್ವೀಸ್ ಮಾಡಿಸಿದ್ದಕ್ಕೇ ವಾರಂಟಿ ಹೋಗುತ್ತದೆ ಅನ್ನುವುದು ಸುಳ್ಳು. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದರೆ ಸರ್ವೀಸ್ ಆಗಿದೆ ಎನ್ನಲು ರಸೀದಿ ನಿಮ್ಮ ಬಳಿ ಇರಬೇಕು.

ವಾರಂಟಿ ಸ್ವಲ್ಪದರಲ್ಲಿ ಮುಗಿದಿದ್ದರೆ ಕಂಪನಿಯ ಗ್ರಾಹಕ ವಿಭಾಗಕ್ಕೆ ನೇರವಾಗಿ ಬರೆದು "ಗುಡ್‌ವಿಲ್" ಸಹಾಯ ಕೇಳಿ. ಅದು ಹಕ್ಕಲ್ಲ. ಆದರೆ ಎಲ್ಲ ಸರ್ವೀಸ್ ದಾಖಲೆ ಇರುವವರಿಗೆ ಭಾಗದ ಬೆಲೆಯಲ್ಲಿ ಒಂದಷ್ಟು ಬಿಟ್ಟುಕೊಡುವುದುಂಟು. ಕೂಗಾಡಿದವರಿಗಿಂತ ಕಾಗದ ಇಟ್ಟವರಿಗೆ ಸಿಗುವುದು ಜಾಸ್ತಿ.

ಪ್ರಶ್ನೆ: ಕರ್ನಾಟಕದಲ್ಲಿ?

ಪ್ರಿಯಸ್ 2010ರಲ್ಲಿ ಭಾರತಕ್ಕೆ ಬಂತು, ಪೂರ್ತಿ ತಯಾರಾದ ಗಾಡಿಯೇ ಆಮದು. ಬೆಲೆ ಜಾಸ್ತಿ, ಮಾರಾಟ ಕಡಿಮೆ. ಹೈಬ್ರಿಡ್‌ಗಳು ನಮ್ಮ ರಸ್ತೆಯಲ್ಲಿ ನಿಜವಾಗಿ ಕಾಣತೊಡಗಿದ್ದು ಬಿಡದಿಯಲ್ಲಿ ತಯಾರಾದವುಗಳಿಂದ: 2013ರಲ್ಲಿ ಕ್ಯಾಮ್ರಿ, 2022ರಿಂದ ಹೈರೈಡರ್ ಮತ್ತು ಹೈಕ್ರಾಸ್. ಹೈಕ್ರಾಸ್‌ನ 2 ಲೀಟರ್ ಎಂಜಿನ್‌ನ ಪಂಪ್ ಕೂಡ ಎಲೆಕ್ಟ್ರಿಕ್.

ಹೈಕ್ರಾಸ್, ಹೈರೈಡರ್‌ಗೆ ಸಾಮಾನ್ಯ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ಜಾಹೀರಾತಿನಲ್ಲಿ ಕಾಣುವ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಹೈಬ್ರಿಡ್ ಬ್ಯಾಟರಿಗೆ. ಶೋರೂಮಿನಲ್ಲಿ "ಹೈಬ್ರಿಡ್‌ಗೆ ಎಂಟು ವರ್ಷ" ಎಂದು ಕೇಳಿಸಿಕೊಂಡು ಬಂದವರು ಪಂಪ್ ಹೋದಾಗ ಬೆಚ್ಚಿಬೀಳುತ್ತಾರೆ. ದುಡ್ಡು ಕೊಟ್ಟು ವಾರಂಟಿ ವಿಸ್ತರಿಸಿಕೊಂಡಿದ್ದರೆ ಅದರ ಷರತ್ತಿನ ಹಾಳೆ ತೆಗೆದು ಓದಿ.

ಡೀಲರ್ ಕೇಳದಿದ್ದರೆ ಕಂಪನಿಗೆ ಇಮೇಲ್, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತೊಂದರೆ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. ಲಾಯರ್ ಇಲ್ಲದೆಯೂ ವಾದಿಸಬಹುದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಕಲಂ ಪ್ರಕಾರ ದೋಷವಿರುವ ಗಾಡಿಗಳನ್ನು ವಾಪಸ್ ಕರೆಸುವಂತೆ ಕೇಂದ್ರ ಸರ್ಕಾರ ಆದೇಶಿಸಬಹುದು. ಅದು ಒಬ್ಬರ ಪಂಪ್‌ಗೆ ಪರಿಹಾರ ಅಲ್ಲ, ಅನೇಕರಿಗೆ ಅದೇ ದೋಷ ಬಂದರೆ ಉಪಯೋಗ.

ಪ್ರಶ್ನೆ: ಇನ್ಶೂರೆನ್ಸ್ ಕೊಡುತ್ತಾ?

ತಾನಾಗಿ ಕೆಟ್ಟರೆ ಇಲ್ಲ. ಭಾರತದ ಮೋಟಾರ್ ಪಾಲಿಸಿಯಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಹೊರಗಿಟ್ಟಿರುತ್ತಾರೆ. ಹಂಪ್‌ಗೋ ಕಲ್ಲಿಗೋ ಬಡಿದು ಪಂಪ್ ಒಡೆದರೆ ಅದು ಅಪಘಾತ, ಕ್ಲೈಮ್ ಮಾಡಬಹುದು. ಆದರೆ ಒಡೆದ ಮೇಲೂ ಓಡಿಸಿಕೊಂಡು ಬಂದು ಎಂಜಿನ್ ಹಾಳಾದರೆ ಎಂಜಿನ್‌ನ ಖರ್ಚು ಕೊಡುವುದಿಲ್ಲ ಅನ್ನುತ್ತಾರೆ. ನಿಂತ ಜಾಗದಲ್ಲೇ ಫೋಟೋ ತೆಗೆದು ಟೋ ಮಾಡಿಸಿ.

ಪ್ರಶ್ನೆ: "ಇನ್ವರ್ಟರ್ರೇ ಹೋಗಿದೆ, ಪೂರ್ತಿ ಬದಲಿಸಬೇಕು" ಅನ್ನುತ್ತಿದ್ದಾರೆ. ನಂಬಲಾ?

ನಂಬುವ ಮೊದಲು ಪುರಾವೆ ಕೇಳಿ. ಅಮೆರಿಕದ ಲೆಕ್ಕದಲ್ಲಿ ಪಂಪ್ ನೂರುಗಳ ಮಾತು, ಇನ್ವರ್ಟರ್ ಸಾವಿರಗಳ ಮಾತು. ಪಿ0ಎ93 ಒಂದೇ ಇದ್ದರೆ ಅದು ತಂಪಾಗುತ್ತಿಲ್ಲ ಅನ್ನುವ ದೂರು, ಸತ್ತಿದೆ ಅನ್ನುವ ದೂರಲ್ಲ. ಪಂಪ್‌ಗೆ 12 ವೋಲ್ಟ್ ಬರುತ್ತಿದೆಯಾ, ಆ ಕರೆಂಟಿನ ಸ್ವಿಚ್ಚಾದ ರಿಲೇ ಸರಿ ಇದೆಯಾ, ಟ್ಯಾಂಕ್‌ನಲ್ಲಿ ಕೂಲಂಟ್ ಕದಡುತ್ತಿದೆಯಾ, ಎದುರಿನ ರೇಡಿಯೇಟರ್ ಫ್ಯಾನ್ ತಿರುಗುತ್ತಿದೆಯಾ? ಈ ನಾಲ್ಕಕ್ಕೂ ಉತ್ತರ ಬರೆದು ಕೊಡಲಿ. ಹಳೆಯ ಭಾಗ ನನಗೇ ಬೇಕು ಅಂತ ಕೆಲಸ ಒಪ್ಪಿಸುವಾಗಲೇ ಹೇಳಿ. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಕೇಳುವುದು ಗ್ರಾಹಕರ ಕಾನೂನುಬದ್ಧ ಹಕ್ಕು. ಬೆಂಗಳೂರಿನಲ್ಲಿ ಜಾಬ್ ಕಾರ್ಡ್ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ.

ಪ್ರಶ್ನೆ: ಪಂಪನ್ನು ನಾನೇ ಬದಲಿಸಬಹುದಾ?

ಕೈಗೆ ಗ್ರೀಸ್ ಹತ್ತಿಸಿಕೊಂಡು ಅಭ್ಯಾಸ ಇದ್ದರೆ ಎರಡನೇ ತಲೆಮಾರಿನ ಇನ್ವರ್ಟರ್ ಪಂಪ್ ಬದಲಿಸಬಹುದು. ಎರಡು ಹೋಸ್, ಒಂದು ಕನೆಕ್ಟರ್, ಕೆಲವು ಬೋಲ್ಟ್, ಅಷ್ಟೇ. ಕಷ್ಟ ಇರುವುದು ಬಂಪರ್ ಸಡಿಲಿಸಿ ಕೈ ಅಲ್ಲಿಗೆ ತೂರಿಸುವುದರಲ್ಲಿ. ಈ ದಾರಿಯಲ್ಲಿ ಇರುವ ಕೂಲಂಟ್ ಸುಮಾರು 2.7 ಲೀಟರ್ ಮಾತ್ರ. ಪಂಪ್ 12 ವೋಲ್ಟ್‌ನದು, ಆದರೂ ಕಿತ್ತಳೆ ಕೇಬಲ್‌ಗಳು ಅಲ್ಲೇ ಇವೆ. ಗಾಡಿ ಆಫ್ ಇರಬೇಕು, ಕೀ ದೂರ ಇರಬೇಕು, 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚಿರಬೇಕು.

ಮೂರನೇ ತಲೆಮಾರಿನ ಎಂಜಿನ್ ಪಂಪ್ ಬದಲಿಸುವುದೂ ಬೋಲ್ಟ್‌ಗಳ ಕೆಲಸವೇ. ಆದರೆ ಆಮೇಲೆ ಗಾಳಿ ತೆಗೆಯುವುದು ಸರಿಯಾಗದಿದ್ದರೆ ಹೊಸ ಪಂಪ್ ಕೂಡ ಹೋಗುತ್ತದೆ, ಎಂಜಿನ್ನೂ ಕಾಯುತ್ತದೆ. ಆ ತಾಳ್ಮೆ ಇಲ್ಲದವರು ಹೈಬ್ರಿಡ್ ಬಲ್ಲ ಗ್ಯಾರೇಜಿಗೆ ಕೊಡಿ.

ಪ್ರಶ್ನೆ: ಗಾಳಿ ತೆಗೆಯುವುದು ಹೇಗೆ? ಎಂಜಿನ್ ಪದೇ ಪದೇ ಆಫ್ ಆಗುತ್ತದೆ.

ಇನ್ವರ್ಟರ್ ದಾರಿ ಸುಲಭ. ಟ್ಯಾಂಕ್ ತುಂಬಿ, ಸ್ವಲ್ಪ ಹೊತ್ತು "ರೆಡಿ"ಯಲ್ಲಿ ಇಟ್ಟು, ಆಫ್ ಮಾಡಿ, ಇಳಿದಷ್ಟು ಮತ್ತೆ ತುಂಬಿ. ಗುಳ್ಳೆ ನಿಂತು, ಗೊರಗೊರ ಸದ್ದು ಹೋಗುವ ತನಕ ಇದನ್ನೇ ಮಾಡಿ. ಎರಡನೇ ತಲೆಮಾರಿನಲ್ಲಿ ಗಾಳಿ ಬಿಡಲು ಪ್ರತ್ಯೇಕ ಬ್ಲೀಡರ್ ಕೂಡ ಇದೆ.

ಎಂಜಿನ್ ದಾರಿಗೆ ಎಂಜಿನ್ ನಿಲ್ಲದೆ ಓಡಬೇಕು. ಅದಕ್ಕೆ ಪ್ರಿಯಸ್‌ನಲ್ಲಿ ಮೇಂಟೆನೆನ್ಸ್ ಮೋಡ್ ಇದೆ. ಬ್ರೇಕ್ ಒತ್ತದೆ ಪವರ್ ಬಟನ್ ಎರಡು ಸಲ ಒತ್ತಿ ಗಾಡಿಯನ್ನು ಆನ್ ಸ್ಥಿತಿಗೆ ತನ್ನಿ. ಪಾರ್ಕ್‌ನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಎರಡು ಸಲ ಒತ್ತಿ. ಬ್ರೇಕ್ ಒತ್ತಿ ನ್ಯೂಟ್ರಲ್‌ಗೆ ಹಾಕಿ ಮತ್ತೆ ಎರಡು ಸಲ. ಪಾರ್ಕ್‌ಗೆ ವಾಪಸ್ ಬಂದು ಇನ್ನೆರಡು ಸಲ. ಇದೆಲ್ಲ 60 ಸೆಕೆಂಡ್ ಒಳಗೆ. ಆಮೇಲೆ ಬ್ರೇಕ್ ಒತ್ತಿ ಪವರ್ ಒತ್ತಿದರೆ ಎಂಜಿನ್ ಶುರುವಾಗಿ ಹಾಗೇ ಓಡುತ್ತಿರುತ್ತದೆ. ಪವರ್ ಆಫ್ ಮಾಡಿದರೆ ಮಾಮೂಲಿಗೆ ಬರುತ್ತದೆ. ಈ ಮೋಡ್‌ನಲ್ಲಿ ರಸ್ತೆಗೆ ಇಳಿಯಬೇಡಿ. ಮುಚ್ಚಿದ ಗ್ಯಾರೇಜಿನಲ್ಲಿ ಮಾಡಲೇಬೇಡಿ, ಹೊಗೆ ಪ್ರಾಣ ತೆಗೆಯುತ್ತದೆ.

ಪ್ರಶ್ನೆ: ಯಾವ ಕೂಲಂಟ್? ಅರ್ಜೆಂಟ್‌ಗೆ ನಲ್ಲಿ ನೀರು ಹಾಕಿದರೆ?

ಟೊಯೋಟಾದ ಗುಲಾಬಿ ಸೂಪರ್ ಲಾಂಗ್ ಲೈಫ್ ಕೂಲಂಟ್ ಅಥವಾ ಅದೇ ಗುಣದ, ಸಿಲಿಕೇಟ್ ಇಲ್ಲದ, ಏಷ್ಯಾ ಗಾಡಿಗಳಿಗೆಂದೇ ಮಾಡಿದ ಕೂಲಂಟ್. ಅದು ನೀರು ಬೆರೆಸಿಯೇ ಬರುತ್ತದೆ, ಮತ್ತೆ ನೀರು ಸೇರಿಸಬೇಡಿ. ಹಸಿರು ಕೂಲಂಟ್ ಮೇಲೆ ಗುಲಾಬಿ, ಗುಲಾಬಿ ಮೇಲೆ ನೀಲಿ ಅಂತ ಕಲಸಬೇಡಿ. ಬೆಂಗಳೂರಿನ ಬೋರ್‌ವೆಲ್ ನೀರು ಗೀಸರ್‌ನ ಕಾಯಿಲ್‌ಗೆ ಏನು ಮಾಡುತ್ತದೆ ನೋಡಿದ್ದೀರಲ್ಲ, ಆ ಉಪ್ಪಿನ ಪದರ ಪಂಪ್ ಒಳಗೂ ಕೂರುತ್ತದೆ. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಡಿಸ್ಟಿಲ್ಡ್ ವಾಟರ್ ಪರವಾಗಿಲ್ಲ, ಆದರೆ ಆಮೇಲೆ ಪೂರ್ತಿ ತೆಗೆಸಿ ಹೊಸದು ತುಂಬಿಸಿ.

ಅಮೆರಿಕದ ಸರ್ವೀಸ್ ಪಟ್ಟಿಯ ಪ್ರಕಾರ ಎಂಜಿನ್ ಕೂಲಂಟ್ ಮೊದಲ ಸಲ 1 ಲಕ್ಷ ಮೈಲಿಗೆ, ಇನ್ವರ್ಟರ್ ಕೂಲಂಟ್ 1.5 ಲಕ್ಷ ಮೈಲಿಗೆ, ಆಮೇಲೆ ಎರಡೂ 50,000 ಮೈಲಿಗೊಮ್ಮೆ. ಇನ್ವರ್ಟರ್‌ನದನ್ನು ಮರೆಯುವ ಗ್ಯಾರೇಜುಗಳೇ ಜಾಸ್ತಿ. ಅಂಥದ್ದೊಂದು ಇದೆ ಅಂತ ನೀವೇ ನೆನಪಿಸಬೇಕು.

ಪ್ರಶ್ನೆ: ಆನ್‌ಲೈನ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಪಂಪ್ ಸಿಗುತ್ತದೆ. ತಗೊಳ್ಳಲಾ?

ಬೇಡ. ಕಂಪನಿಯದ್ದು ತಗೊಳ್ಳಿ, ಇಲ್ಲವೇ ಐಸಿನ್‌ನಂಥ, ಟೊಯೋಟಾಗೆ ಭಾಗ ಕೊಡುವ ತಯಾರಕರದ್ದು. ಹೆಸರಿಲ್ಲದ ಪಂಪ್ ಹೋದಾಗ ನಿಮ್ಮ ಹತ್ತಿರ ವಾರಂಟಿಯೂ ಇಲ್ಲ, ಇನ್ವರ್ಟರ್ರೂ ಇಲ್ಲ.

ಪ್ರಶ್ನೆ: ಹೊಸ ಪಂಪ್ ಹಾಕಿದರೂ ಎಂಜಿನ್ ಕಾಯುತ್ತಿದೆ.

ಮೂರನೇ ತಲೆಮಾರಿನ ಪ್ರಿಯಸ್ ಆದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ಈ ಎಂಜಿನ್‌ನಲ್ಲಿ ಇಜಿಆರ್ ದಾರಿ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ದಾರಿ) ಮಸಿಯಿಂದ ಕಟ್ಟಿಕೊಳ್ಳುವುದು, ಮುಂದೆ ಗ್ಯಾಸ್ಕೆಟ್ ಹೋಗುವುದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ಕಥೆ. ಲಕ್ಷಣ ಹೀಗಿರುತ್ತದೆ: ಬೆಳಗ್ಗೆ ತಣ್ಣಗಿನ ಎಂಜಿನ್ ಶುರುವಾದಾಗ ಗಾಡಿ ಇಡೀ ಗಡಗಡ ನಡುಗಿ ಆಮೇಲೆ ಸರಿಹೋಗುತ್ತದೆ. ಕೆಳಗೆ ಒಂದು ಹನಿ ಸೋರಿಕೆ ಇಲ್ಲ, ಆದರೂ ಟ್ಯಾಂಕ್‌ನಲ್ಲಿ ಕೂಲಂಟ್ ಇಳಿಯುತ್ತಿರುತ್ತದೆ. ಸಿಲಿಂಡರ್‌ನ ಗ್ಯಾಸ್ ಕೂಲಂಟ್ ಒಳಗೆ ನುಗ್ಗಿದರೆ ಗುಳ್ಳೆಯಾಗುತ್ತದೆ, ಪಂಪ್ ಅದರಿಂದಲೇ ತಡವರಿಸುತ್ತದೆ, ಸ್ಕ್ಯಾನರ್ ಪಂಪ್ ಕಡೆ ಬೆರಳು ತೋರಿಸುತ್ತದೆ. ಹೀಗೆ ಸರಿಯಿದ್ದ ಪಂಪನ್ನೇ ಬದಲಿಸಿದ್ದುಂಟು. ಕೂಲಂಟ್‌ನಲ್ಲಿ ಸುಟ್ಟ ಗ್ಯಾಸ್ ಇದೆಯೇ ಎಂದು ಬಣ್ಣದ ದ್ರವದಿಂದ ನೋಡುವ ಪರೀಕ್ಷೆ ಇದೆ, ಪಂಪ್ ತಗೊಳ್ಳುವ ಮೊದಲು ಅದನ್ನು ಮಾಡಿಸಿ.

ಪ್ರಶ್ನೆ: ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವವರು ವಿಶೇಷವಾಗಿ ಏನು ನೋಡಬೇಕು?

ಹತ್ತುವಾಗ ಇನ್ವರ್ಟರ್‌ಗೆ ಕೆಲಸ ಅಂತ ಎಲ್ಲರಿಗೂ ಗೊತ್ತು. ಇಳಿಯುವಾಗಲೂ ಅದಕ್ಕೆ ಬಿಡುವಿಲ್ಲ, ಏಕೆಂದರೆ ಚಕ್ರದಿಂದ ಬರುವ ಕರೆಂಟನ್ನು ಬ್ಯಾಟರಿಗೆ ತುಂಬುವುದೂ ಅದೇ. ಸಾಯುತ್ತಿರುವ ಪಂಪ್ ಪೇಟೆಯಲ್ಲಿ ದಿನ ದೂಡಿ ಘಾಟಿಯಲ್ಲಿ ಕೈಕೊಡುವುದು ಹೀಗೆ. ಹೊರಡುವ ಹಿಂದಿನ ಬೆಳಗ್ಗೆ ಎರಡೂ ಟ್ಯಾಂಕ್‌ನ ಮಟ್ಟ ನೋಡಿ. ಶಕ್ತಿ ಕಡಿಮೆಯಾದ ಹಾಗೆ ಅನಿಸಿದರೆ ತಿರುವು ಕಳೆದು, ಅಗಲ ಜಾಗದಲ್ಲಿ ನಿಲ್ಲಿಸಿ. ಬಿಸಿಲಿನ ರಾಯಚೂರು, ಕಲಬುರಗಿ ಕಡೆಯವರಿಗೆ ಮೇ ತಿಂಗಳೇ ಘಾಟಿ. ಎದುರಿನ ರೇಡಿಯೇಟರ್‌ಗೆ ಅಂಟಿದ ಧೂಳು, ಹುಳ, ಹುಲ್ಲನ್ನು ಮೆಲ್ಲನೆ ನೀರು ಬಿಟ್ಟು ತೊಳೆಸಿ. ಪ್ರೆಶರ್ ಗನ್ ಹಿಡಿದರೆ ರೆಕ್ಕೆಗಳು ಬಾಗುತ್ತವೆ.

ಪ್ರಶ್ನೆ: ಕೆಡುವ ಮೊದಲೇ ಬದಲಿಸುವುದು ಒಳ್ಳೆಯದಾ?

2010-2015ರ ಪ್ರಿಯಸ್, 1.2 ಲಕ್ಷ ಮೈಲಿ ದಾಟಿದೆ, ಮೂಲ ಪಂಪೇ ಇದೆ, ಜೊತೆಗೆ ಕೂಲಂಟ್ ಬದಲಿಸುವ ಸಮಯವೂ ಬಂದಿದೆ ಅಂದರೆ ನಾನು ಎಂಜಿನ್ ಪಂಪ್ ಬದಲಿಸಿ ಅನ್ನುತ್ತೇನೆ. ಹೇಗೂ ಕೂಲಂಟ್ ಖಾಲಿ ಮಾಡುತ್ತಾರೆ, ಮಜೂರಿ ಉಳಿಯುತ್ತದೆ. ಹೊಸ ಹೈಕ್ರಾಸ್‌ನವರು ಸುಮ್ನೆ ಭಯಪಟ್ಟು ಪಂಪ್ ಬದಲಿಸುವ ಅಗತ್ಯ ಇಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ತಗೊಳ್ಳುತ್ತಿದ್ದೇನೆ. ಪಂಪ್ ಬಗ್ಗೆ ಏನು ಕೇಳಲಿ?

ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮಾರುವವರು ಮೊದಲೇ ಓಡಿಸಿ ಬಿಸಿ ಮಾಡಿ ಇಟ್ಟಿದ್ದರೆ ಬಾನೆಟ್ ಮುಟ್ಟಿದಾಗಲೇ ಗೊತ್ತಾಗುತ್ತದೆ. ಹಾಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಎರಡೂ ಟ್ಯಾಂಕ್ ನೋಡಿ: ಬಣ್ಣ ಗುಲಾಬಿಯೇ ಇದೆಯಾ, ಕಂದು ಕೆಸರಾಗಿದೆಯಾ, ಎಣ್ಣೆ ತೇಲುತ್ತಿದೆಯಾ? ಸ್ಕ್ಯಾನರ್ ಹಾಕಿದಾಗ ಕೋಡ್ ಇಲ್ಲ ಅಂದ ಮಾತ್ರಕ್ಕೆ ಒಪ್ಪಬೇಡಿ, ನಿನ್ನೆ ಸಂಜೆ ಅಳಿಸಿರಬಹುದು. ಅಳಿಸಿದ ಮೇಲೆ ಓಡಿದ ದೂರವನ್ನು ಸ್ಕ್ಯಾನರ್ ತೋರಿಸುತ್ತದೆ. ಅದು ಹತ್ತಿಪ್ಪತ್ತು ಕಿಲೋಮೀಟರ್ ಅಷ್ಟೇ ಇದ್ದರೆ, ಯಾಕೆ ಅಳಿಸಿದಿರಿ ಅಂತ ಮಾರುವವರನ್ನೇ ಕೇಳಿ.